ಇಪ್ಪತ್ತಾರು ಪದರ

ರೌಂಡ್ ರಾಕ್
9 ಫೆಬ್ರುವರಿ 2014

ನಿರೂ,

ಇಲ್ಲಿ ಎಲ್ಲರೂ ಆರಾಮ, ಗೋಡೆಯ ಮೇಲಿರುವವಳೊಬ್ಬಳನ್ನು ಬಿಟ್ಟು.

ನಿನ್ನೆ ಬೆಳಿಗ್ಗೆ ಪೂಜೆ ಮುಗಿಸಿ ನಿಮ್ಮವ್ವನ ಚಿತ್ರದ ಮುಂದೆ ನಿಂತಿದ್ದೆ. ನಿಧಿ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದು, "ಅಜ್ಜಾ, ಅಜ್ಜಿ ಈಸ್ ಪೀಲಿಂಗ್!" ಎಂದು ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದಳು. ನೋಡಿದರೆ ಗದ್ದದ ಹತ್ತಿರ ಉಗುರಿನಷ್ಟು ಬಣ್ಣ ಎದ್ದು ನೆಲಕ್ಕೆ ಬಿದ್ದಿದೆ. ಹುಬ್ಬಳ್ಳಿಯ ಬಿಸಿಲಿಗೂ ಧೂಳಿಗೂ ಜಗ್ಗದವಳು ನಿಮ್ಮಣ್ಣನ ಮನೆಯ ಏಸಿಗೆ ಸೋತಳು.

ಬರುವ ತಿಂಗಳು ಅವಳ ಪುಣ್ಯಸ್ಮರಣೆ. ಅಷ್ಟರೊಳಗೆ ಒಂದು ಕೈ ಬಣ್ಣ ಹಚ್ಚಬೇಕು. ಕಳೆದ ವರ್ಷ ಈ ದೇಶಕ್ಕೆ ಬಂದ ಗಡಿಬಿಡಿಯಲ್ಲಿ ಅದು ಬಿಟ್ಟುಹೋಯಿತು, ಅದಕ್ಕೇ ಹೀಗಾಗಿದೆ. ವರ್ಷಕ್ಕೊಮ್ಮೆ ಬಣ್ಣ ಕಾಣದ ಬೋರ್ಡು ಮುಚ್ಚಿದ ಅಂಗಡಿಯ ಬೋರ್ಡು ಎಂದು ಹುಬ್ಬಳ್ಳಿಯ ವ್ಯಾಪಾರಿಗಳಿಗೆ ನಲವತ್ತು ವರ್ಷ ಹೇಳಿಕೊಂಡು ಬಂದವನು ನಾನು. ನಿಮ್ಮಣ್ಣ ಚಿದಾನಂದ್ ನನ್ನನ್ನು ಹಾರ್ಡ್‌ವೇರ್ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿ ಬಿಳಿ ಬಣ್ಣವೇ ಒಂದು ಗೋಡೆ ತುಂಬ ಇದೆ, ಒಂದಕ್ಕೂ ವಾಸನೆ ಇಲ್ಲ. ವಾಸನೆ ಇಲ್ಲದ ಬಣ್ಣವನ್ನು ನಾನು ನಂಬುವುದಿಲ್ಲ.

ನೀನು ಮ್ಯೂಸಿಯಂನಲ್ಲಿ ಹಳೆಯ ಚಿತ್ರಗಳನ್ನು ಸರಿಮಾಡುವವಳು. ಯಾವ ಎನಾಮೆಲ್ ತರಬೇಕೆಂದು ಬರೆದು ತಿಳಿಸು. ಫೋನ್ ಮಾಡಬೇಡ. ಈಗೀಗ ಫೋನಿನಲ್ಲಿ ಎಲ್ಲರ ಮಾತೂ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ.

ಹನ್ನೊಂದು ವರ್ಷದಿಂದ ಈ ಚಿತ್ರದ ಮಾತನ್ನು ನಾವಿಬ್ಬರೂ ಎತ್ತಿಲ್ಲ. ನಾನೇ ಮೊದಲು ಎತ್ತಿದ್ದೇನೆ, ಗಮನಿಸು.

ನಿನ್ನ ಅಪ್ಪ
ಸಿದ್ರಾಮಪ್ಪ


ಹ್ಯೂಸ್ಟನ್
14 ಫೆಬ್ರುವರಿ 2014

ಅಪ್ಪಾ,

ಬ್ರಷ್ ಕೆಳಗಿಡಿ. ಇದನ್ನು ಓದುವಾಗ ಕೈಯಲ್ಲಿ ಇರದಿದ್ದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ, ಅಲ್ಲಿಂದಲೂ ಕೆಳಗಿಡಿ.

ಯಾವ ಎನಾಮೆಲ್ಲೂ ಬೇಡ. ಬಿದ್ದ ಚೂರನ್ನು ಕಾಗದದಲ್ಲಿ ಮಡಚಿ ಡಬ್ಬಿಯಲ್ಲಿಡಿ. ಚಿತ್ರವನ್ನು ಮೇಜಿನ ಮೇಲೆ ಮುಖ ಮೇಲಾಗಿ ಮಲಗಿಸಿ. ಬಟ್ಟೆಯಿಂದ ಒರೆಸಬೇಡಿ. ಸ್ವಲ್ಪ ದಿನ ವಿಭೂತಿಯನ್ನೂ ಹಚ್ಚಬೇಡಿ. ಅಣ್ಣ ಹ್ಯೂಸ್ಟನ್ ಕಡೆ ಬರುವಾಗ ಕಳಿಸಿ. ನಮ್ಮ ಮುಖ್ಯಸ್ಥೆಯನ್ನು ಕೇಳಿದ್ದೇನೆ. ರಜೆಯ ದಿನ ನಮ್ಮ ಲ್ಯಾಬಿನಲ್ಲಿ ಕೆಲಸ ಮಾಡಬಹುದು ಎಂದಿದ್ದಾರೆ.

"ನೀವು ಅವ್ವನ ಮುಖಾನ ಮುಚ್ಚಿಬಿಟ್ರಿ" ಎಂದು ಹನ್ನೊಂದು ವರ್ಷದ ಹಿಂದೆ ನಾನು ಕೂಗಿದ್ದು ನೆನಪಿದೆ. ಕೂಗಿದ್ದು ತಪ್ಪು. ಮಾತು ತಪ್ಪಲ್ಲ.

ಅವ್ವ ಹೋದಾಗ ನನಗೆ ಏಳು ತುಂಬಿರಲಿಲ್ಲ. ನಿಮ್ಮ ಮದುವೆಯ ಫೋಟೋದಲ್ಲಿ ಅವಳು ತಲೆ ತಗ್ಗಿಸಿದ್ದಾಳೆ, ಬಾಸಿಂಗ ಬಿಟ್ಟರೆ ಏನೂ ಕಾಣುವುದಿಲ್ಲ. ನನಗೆ ಉಳಿದದ್ದು ನೀವು ಬರೆದ ಈ ಒಂದು ಚಿತ್ರ. ಅದೋ ವರ್ಷವರ್ಷಕ್ಕೂ ಬದಲಾಯಿತು. ನೀವು ಸಿನಿಮಾ ಬ್ಯಾನರ್ ಬರೆಯುತ್ತಿದ್ದಿರಿ, ಆಯಾ ವರ್ಷದ ನಾಯಕಿಯ ಹುಬ್ಬು ಅವ್ವನಿಗೂ ಬರುತ್ತಿತ್ತು. ನಾನು ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಅವಳ ಬಣ್ಣ ಮೂರು ಪಾಲು ಬಿಳಿಯಾಗಿತ್ತು. ನಗಬೇಡಿ. ಹಾಸಿಗೆಯಲ್ಲಿ ಮಲಗಿ ಕಣ್ಣು ಮುಚ್ಚಿದರೆ ನನಗೆ ಅವ್ವನ ಬದಲು ಗಣೇಶಪೇಟೆಯ ಸಿನಿಮಾ ಪೋಸ್ಟರ್ ಕಾಣುತ್ತಿತ್ತು.

ನನಗೆ ಒಂದು ಸಲ ನಮ್ಮವ್ವನ ಮುಖ ನೋಡಬೇಕು. ಬೇರೇನೂ ಬೇಡ.

ನಿರುಪಮಾ


ರೌಂಡ್ ರಾಕ್
3 ಮಾರ್ಚ್ 2014

ನಿರೂ,

ಚಿತ್ರ ತಲುಪಿತೆಂದು ಚಿದಾನಂದ್ ಹೇಳಿದ. ನನ್ನ ಎರಡು ಕಂಬಳಿ, ನಿಧಿಯ ಈಜುಕೊಳದ ಗಾಳಿಚೀಲ, ನಿಮ್ಮತ್ತಿಗೆಯ ಹೊಸ ಟವೆಲ್, ಇಷ್ಟರ ನಡುವೆ ನಿಮ್ಮವ್ವ ಪಯಣ ಮಾಡಿದ್ದಾಳೆ. ಬದುಕಿದ್ದಾಗ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಬೇಕೆಂದರೂ ಬಸ್ಸಿನಲ್ಲಿ ನಿಂತುಕೊಂಡೇ ಹೋದವಳು.

ಚೂರುಗಳನ್ನು ದಿನಕ್ಕೊಂದು ಮನೆಯಿರುವ ನನ್ನ ಮಾತ್ರೆಯ ಡಬ್ಬಿಯಲ್ಲಿ ಕಳಿಸಿದ್ದೇನೆ. ಸೋಮವಾರದ ಮನೆಯಲ್ಲಿರುವುದು ಗದ್ದದ್ದು, ಮಂಗಳವಾರದ್ದು ಸೆರಗಿನದು.

ಒಂದು ಮಾತು ಸ್ಪಷ್ಟವಾಗಿರಲಿ. ನಾನು ಕೊಟ್ಟದ್ದು ರಿಪೇರಿಗೆ, ಆಪರೇಷನ್ನಿಗಲ್ಲ. ಬಿದ್ದುಹೋದ ಕಡೆ ಬಣ್ಣ ತುಂಬು. ಕೆನ್ನೆ ಬೆಳ್ಳಗಿರಲಿ. ಸೀರೆ ಗಿಳಿಹಸಿರು. ನನ್ನನ್ನು ಕೇಳದೆ ಏನನ್ನೂ ತೆಗೆಯಬೇಡ.

ಗೋಡೆಯ ಮೇಲೆ ಮೊಳೆ ಮಾತ್ರ ಉಳಿದಿದೆ. ಪೂಜೆಯಾದ ಮೇಲೆ ಅದರ ಮುಂದೆಯೇ ನಿಲ್ಲುತ್ತೇನೆ.

ಅಪ್ಪ


ಹ್ಯೂಸ್ಟನ್
30 ಮಾರ್ಚ್ 2014

ಅಪ್ಪಾ,

ನಾಲ್ಕು ಭಾನುವಾರ ಬರೀ ನೋಡಿದ್ದೇನೆ. ಇನ್ನೂ ಕೈ ಹಚ್ಚಿಲ್ಲ. ನಮ್ಮ ಕೆಲಸದಲ್ಲಿ ನೋಡುವುದೇ ಮುಕ್ಕಾಲು ಪಾಲು.

ಅವ್ವನ ಪಕ್ಕದ ಮೇಜಿನ ಮೇಲೆ ಇನ್ನೊಬ್ಬಳು ಹೆಂಗಸಿದ್ದಾಳೆ. ಮುನ್ನೂರೈವತ್ತು ವರ್ಷದ ಹಿಂದಿನ ಡಚ್ ವ್ಯಾಪಾರಿಯೊಬ್ಬನ ಹೆಂಡತಿ. ಅವಳ ಮೇಲೆ ಬಳಿದ ವಾರ್ನಿಶ್ ಕಾಲ ಕಳೆದಂತೆ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಯಾರೋ ಪುಣ್ಯಾತ್ಮರು ಅವಳ ಮೂಗನ್ನೂ ಸಣ್ಣ ಮಾಡಿದ್ದಾರೆ. ಎಲ್ಲ ದೇಶದಲ್ಲೂ ನಿಮ್ಮಂಥವರು ಇದ್ದರು ಎಂದು ಸಮಾಧಾನ ಪಟ್ಟುಕೊಳ್ಳಿ. ಅವಳಿಗೆ ಮಾಡುವ ಪರೀಕ್ಷೆಯನ್ನೆಲ್ಲ ಅವ್ವನಿಗೂ ಮಾಡಿದೆ. ಮೊದಲು ನೇರಳೆ ದೀಪ ಹಾಕಿದೆವು. ಆ ಬೆಳಕಿನಲ್ಲಿ ಆಮೇಲೆ ಹಚ್ಚಿದ ಬಣ್ಣ ಬೇರೆಯಾಗಿ ಕಾಣುತ್ತದೆ. ಅವ್ವನ ಮುಖದಲ್ಲಿ ಬೇರೆಯಾಗಿ ಕಾಣದ ಜಾಗವೇ ಇರಲಿಲ್ಲ.

ಆಮೇಲೆ ನಿಮ್ಮ ಸೋಮವಾರದ ಡಬ್ಬಿಯಿಂದ ಒಂದು ಚೂರನ್ನು ಅಂಟಿನಲ್ಲಿ ಹುದುಗಿಸಿ, ಅಡ್ಡ ಕೊಯ್ದು ಮೈಕ್ರೋಸ್ಕೋಪಿನಲ್ಲಿಟ್ಟೆ. ಬಿಳಿ, ಗುಲಾಬಿ, ಕೆನೆ, ಮತ್ತೆ ಬಿಳಿ. ಎಣಿಸಿದೆ. ಇಪ್ಪತ್ತಾರು ಪದರ. 1987ರಿಂದ 2012ರವರೆಗೆ ಒಂದು ವರ್ಷವನ್ನೂ ನೀವು ತಪ್ಪಿಸಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಲ್ಯಾಬಿನಲ್ಲಿ ಕೂತು ಅತ್ತೆ.

ಎಲ್ಲಕ್ಕಿಂತ ಕೆಳಗೆ, ಮೂಲ ಬಣ್ಣಕ್ಕೂ ನಿಮ್ಮ ಮೊದಲ ಎನಾಮೆಲ್ಲಿಗೂ ನಡುವೆ ಬೂದುಬಣ್ಣದ ಒಂದು ತೆಳುಗೆರೆ ಇದೆ. ಅದು ಏನೆಂದು ತಿಳಿಯಲಿಲ್ಲ. ನಿಮಗೆ ಗೊತ್ತೇ?

ಈಗ ಕೇಳುತ್ತೇನೆ. ಇಪ್ಪತ್ತಾರನ್ನೂ ತೆಗೆಯಲು ಅಪ್ಪಣೆ ಕೊಡಿ. ಅಪಾಯವಿದೆ, ಮುಚ್ಚಿಡುವುದಿಲ್ಲ. ಎನಾಮೆಲ್ ಗಟ್ಟಿ, ಕೆಳಗಿನ ಬಣ್ಣ ಮೆದು. ಎರಡೂ ಒಂದಕ್ಕೊಂದು ಕಚ್ಚಿಕೊಂಡಿದ್ದರೆ ನಿಮ್ಮ ಬಣ್ಣದ ಜೊತೆ ಅವ್ವನೂ ಎದ್ದುಬರುತ್ತಾಳೆ. ಆಗ ನಮಗಿಬ್ಬರಿಗೂ ಏನೂ ಉಳಿಯುವುದಿಲ್ಲ.

ನೀವು ಬೇಡವೆಂದರೆ ಬಿದ್ದದ್ದನ್ನು ಅಂಟಿಸಿ ಹಾಗೇ ಕಳಿಸಿಕೊಡುತ್ತೇನೆ.

ನಿರುಪಮಾ


ಹ್ಯೂಸ್ಟನ್
4 ಮೇ 2014

ಅಪ್ಪಾ,

ಐದು ವಾರವಾಯಿತು, ನಿಮ್ಮ ಉತ್ತರವಿಲ್ಲ. ಅಣ್ಣನನ್ನು ಕೇಳಿದರೆ, "ಅಪ್ಪಾರು ಗ್ಯಾರೇಜಿನ್ಯಾಗ ಕುಂತು ಬರೇ ಬ್ರಷ್ ತೊಳೀತಾರ" ಎಂದ.

ಹದಿನೇಳನೇ ತಾರೀಕು ಶನಿವಾರ ಸಿಬ್ಬಂದಿಯ ಮನೆಯವರಿಗೆ ನಮ್ಮ ಲ್ಯಾಬ್ ತೋರಿಸುತ್ತಾರೆ. ಬನ್ನಿ. ಅಪ್ಪಣೆ ಕೊಡಬೇಕೆಂದಿಲ್ಲ, ನಾನು ಏನು ಮಾಡುತ್ತೇನೆಂದು ಒಮ್ಮೆ ನೋಡಿ ಸಾಕು.

ನಿರೂ


ರೌಂಡ್ ರಾಕ್
20 ಮೇ 2014

ನಿರೂ,

ಶನಿವಾರ ನಿನಗೆ ಹೇಳದೆ ಹೋಗಿ ಕಾರಿನಲ್ಲಿ ಕುಳಿತದ್ದಕ್ಕೆ ನಿಮ್ಮಣ್ಣ ದಾರಿಯುದ್ದಕ್ಕೂ ಬೈದ. ಅವನು ಬೈದದ್ದು ಅರ್ಧ ಕೇಳಿಸಲಿಲ್ಲ, ಕಿವುಡಿನ ಲಾಭ.

ನನ್ನ ಕಣ್ಣಾರೆ ನೋಡಿದೆ. ನೀನು ಕಡ್ಡಿಗೆ ಹತ್ತಿ ಸುತ್ತಿದೆ, ಬಾಯಲ್ಲಿಟ್ಟು ಒದ್ದೆ ಮಾಡಿದೆ, ಆ ಡಚ್ ಹೆಂಗಸಿನ ಕೊರಳಪಟ್ಟಿಯ ಮೇಲೆ ಉರುಳಿಸಿದೆ. ಎಂಜಲು! ನಾನು ಬೆಚ್ಚಿದ್ದು ನೋಡಿ ಕಿವಿಯಲ್ಲಿ ಕೂಗಿದೆ: "ಹೌದ್ರೀ ಅಪ್ಪಾ, ಉಗುಳು! ದೊಡ್ಡ ದೊಡ್ಡ ಮ್ಯೂಸಿಯಂನ್ಯಾಗೂ ಇದನ್ನ ಹಚ್ತಾರ. ಮಸಿ ತೆಗಿಯಾಕ ಇದಕ್ಕಿಂತ ಮೆತ್ತನ್ನ ಔಷಧ ಇಲ್ರೀ." ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದ ಮೇಜಿನ ಮೇಲೆ ನಿಮ್ಮವ್ವ ಮಲಗಿದ್ದಳು. ದಿನಾ ಸ್ನಾನ ಮಾಡಿ ವಿಭೂತಿ ಹಚ್ಚುವ ಹಣೆ ಅದು. ಕೊನೆಗೆ ಅಲ್ಲಿ ನಿಲ್ಲಲು ನನ್ನಿಂದಾಗಲಿಲ್ಲ.

ಆದರೆ ಕಾರಿನಲ್ಲಿ ಕುಳಿತ ಮೇಲೆ ಕಣ್ಣ ಮುಂದೆ ಬಂದದ್ದು ಎಂಜಲಲ್ಲ, ಆ ಕೊರಳಪಟ್ಟಿ. ಕಂದು ಮಸಿಯ ಕೆಳಗಿಂದ ಬಿಳಿ ಜಾಲರಿ ಎದ್ದುಬಂತಲ್ಲ, ಒಂದೊಂದು ನೂಲೂ ಬೇರೆ ಬೇರೆ! ಅದನ್ನು ಬರೆದವನ ಕೈ ಎಲ್ಲಿ ನಿಧಾನವಾಯಿತು, ಎಲ್ಲಿ ಓಡಿತು ಎನ್ನುವುದೂ ನನಗೆ ಕಂಡಿತು. ಮುನ್ನೂರೈವತ್ತು ವರ್ಷದ ಮೇಲೆ ಒಬ್ಬ ಪೇಂಟರು ಇನ್ನೊಬ್ಬ ಪೇಂಟರನ್ನು ಭೇಟಿಯಾದ ಹಾಗಾಯಿತು. ನಾನು ನಿಂತ ನಲವತ್ತು ನಿಮಿಷದಲ್ಲಿ ನೀನು ಬಿಡಿಸಿದ್ದು ಅಂಚೆಚೀಟಿಯಷ್ಟು ಜಾಗ. ಅಷ್ಟರಲ್ಲಿ ನಾನೊಂದು ಕಿರಾಣಿ ಅಂಗಡಿಯ ಬೋರ್ಡನ್ನೇ ಮುಗಿಸುತ್ತಿದ್ದೆ. ನಿನ್ನ ಕೈ ಒಂದು ಸಲವೂ ನಡುಗಲಿಲ್ಲ. ಆ ಕೈ ನನ್ನದು. ತಾಳ್ಮೆ ನಿಮ್ಮವ್ವನದು.

ಅಲ್ಲಿ ನೀನು ಇನ್ನೊಂದು ಮಾತು ಹೇಳಿದೆ: ನೀನು ತುಂಬುವ ಬಣ್ಣವನ್ನು ನಾಳೆ ಬರುವವರು ಸುಲಭವಾಗಿ ತೆಗೆಯುವಂತಿರಬೇಕು, ಹಳೆಯವನ ಗೆರೆಯ ಮೇಲೆ ನಿನ್ನ ಬ್ರಷ್ ಒಂದು ಕೂದಲೆಳೆಯಷ್ಟೂ ಹತ್ತಬಾರದು ಎಂದು. ಇಷ್ಟು ದೊಡ್ಡ ಕೆಲಸ ಮಾಡಿ ತನ್ನ ಗುರುತು ಬಿಡದ ಜನ! ನಾನು ಮಳೆಗೂ ಹೋಗದ ಬಣ್ಣ ಹಚ್ಚಿ, ಬೋರ್ಡಿನ ಮೂಲೆಯಲ್ಲಿ 'ಸಿದ್ರಾಮ್ ಆರ್ಟ್ಸ್' ಎಂದು ಅಂಗಡಿಯ ಹೆಸರಿಗಿಂತ ಚೆಂದ ಬರೆಯುತ್ತಿದ್ದವನು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಆ ಬೂದುಗೆರೆ ವಿಭೂತಿ. ಅವಳು ಹೋದ ಮೊದಲ ವರ್ಷ ದಿನಾ ಹಣೆಗೆ ಹಚ್ಚುತ್ತಿದ್ದೆ, ಮುಂದೆ ಎಣ್ಣೆದೀಪ ಇಡುತ್ತಿದ್ದೆ. ಬಣ್ಣ ಹಚ್ಚುವ ಮೊದಲು ಬೋರ್ಡು ಒರೆಸುವ ಹಾಗೆ ಬಟ್ಟೆಯಿಂದ ಮುಖವನ್ನೆಲ್ಲ ಒರೆಸಿದೆ. ಬೂದಿ, ಎಣ್ಣೆ, ಮಸಿ ಎಲ್ಲ ಹರಡಿರಬೇಕು.

ಬಣ್ಣ ಯಾಕೆ ಹಚ್ಚಿದೆ ಎಂದು ನೀನು ಯಾವತ್ತೂ ಕೇಳಲಿಲ್ಲ. ಬೈದೆ, ಕೇಳಲಿಲ್ಲ. 1985ರಲ್ಲಿ ನಾನು ಗದಗ, ಬಿಜಾಪುರ ಎಂದು ಬ್ಯಾನರ್ ಬರೆಯುತ್ತ ತಿರುಗುತ್ತಿದ್ದೆ. ಮನೆಗೆ ಬಂದಾಗೆಲ್ಲ, "ಆರಾಮದೀನಿ" ಎನ್ನುತ್ತಿದ್ದಳು. ದಸರೆಗೆ ಹತ್ತು ದಿನ ಮನೆಯಲ್ಲಿದ್ದೆ, ಆಗ ಅವಳನ್ನು ಅಂಗಡಿಯಲ್ಲಿ ಕೂರಿಸಿ ಬರೆದೆ. ನಾನು ಕಂಡದ್ದನ್ನು ಕಂಡ ಹಾಗೆ ಬರೆಯುವವನು. ಕಣ್ಣಿನ ಕೆಳಗೆ ಕಪ್ಪು, ಇಳಿದ ಕೆನ್ನೆ, ಎಲ್ಲ ಬರೆದೆ. ಬರೆದು ಮುಗಿಸಿ ದೂರ ನಿಂತು ನೋಡಿದಾಗ ನನ್ನ ಹೆಂಡತಿಗೆ ಕಾಯಿಲೆ ಇದೆಯೆಂದು ನನಗೆ ತಿಳಿಯಿತು. ಆರು ತಿಂಗಳಲ್ಲಿ ಹೋದಳು. ಆ ಕಪ್ಪನ್ನು ದಿನಾ ನೋಡಲು ನನಗೆ ಧೈರ್ಯವಿರಲಿಲ್ಲ ನಿರೂ. ವರ್ಷ ತುಂಬಿದಾಗ ಮುಚ್ಚಿದೆ. ಮರುವರ್ಷ ಮತ್ತೆ ಇಣುಕಿದ ಹಾಗೆ ಕಂಡಿತು. ಮತ್ತೆ ಮುಚ್ಚಿದೆ.

ತೆಗೆ. ನಿನಗೆ ನಿನ್ನ ತಾಯಿಯ ಮುಖ ನೋಡುವ ಹಕ್ಕಿದೆ. ಎಂಜಲು ಮಾತ್ರ ಮುಟ್ಟಿಸಬೇಡ.

ಅಪ್ಪ


ಡಲ್ಲಾಸ್
22 ಜೂನ್ 2014

ಅಪ್ಪಾ,

ಡಚ್ ಹೆಂಗಸು ಪ್ರದರ್ಶನಕ್ಕೆಂದು ಡಲ್ಲಾಸಿಗೆ ಬಂದಿದ್ದಾಳೆ, ಅವಳನ್ನು ಕರೆತಂದವಳು ನಾನು. ಟ್ರಕ್ಕಿನಲ್ಲಿ ಡ್ರೈವರನ ಪಕ್ಕ ಕೂತು ಇನ್ನೂರೈವತ್ತು ಮೈಲಿ ಬಂದೆ. ಊಟಕ್ಕೆ ನಿಲ್ಲಿಸಿದಾಗಲೂ ಒಬ್ಬರು ಟ್ರಕ್ಕಿನಲ್ಲೇ ಇರಬೇಕು ಎಂಬುದು ನಿಯಮ. ಮಗಳ ಜೊತೆ ಗಂಡನ ಮನೆಗೆ ಹೋಗುವವರೂ ಇಷ್ಟು ಕಾವಲು ಕಾಯಲಾರರು.

ಅವ್ವನ ಸುದ್ದಿ ಹೇಳುತ್ತೇನೆ. ಕುಳಿತು ಓದಿ.

ನಿಮ್ಮ ವಿಭೂತಿ ಅವಳನ್ನು ಉಳಿಸಿತು. ಆ ಬೂದಿಯ ಪದರ ನಡುವೆ ಇದ್ದದ್ದಕ್ಕೆ ಎನಾಮೆಲ್ ಅವ್ವನನ್ನು ಕಚ್ಚಿಕೊಳ್ಳಲೇ ಇಲ್ಲ. ಬೂದಿ ಒಣಗಿ ಸಡಿಲವಾದದ್ದಕ್ಕೇ ನಿಮ್ಮ ಮನೆಯಲ್ಲಿ ಚೂರು ಉದುರಿದ್ದು. ಮೈಕ್ರೋಸ್ಕೋಪಿನ ಕೆಳಗೆ ಸಣ್ಣ ಚಾಕುವಿನಿಂದ ಎತ್ತಿದರೆ ಇಪ್ಪತ್ತಾರೂ ಒಟ್ಟಿಗೆ, ಈರುಳ್ಳಿ ಸಿಪ್ಪೆಯ ಹಾಗೆ ಬರುತ್ತಿವೆ. ದಿನಕ್ಕೆ ಅರ್ಧ ಅಂಗುಲ. ನಮ್ಮ ಮುಖ್ಯಸ್ಥೆ ಮೂವತ್ತು ವರ್ಷದಿಂದ ಈ ಕೆಲಸದಲ್ಲಿದ್ದಾರೆ. "ಯಾರು ಈ ಪದರ ಹಾಕಿದ್ದು? ಅವರ ಕೈ ಕುಲುಕಬೇಕು" ಎಂದರು.

ಕಣ್ಣು ಬಂದಿವೆ. ನೀವು ಹೆದರಿದ ಕಪ್ಪೂ ಬಂದಿದೆ. ಅವಳು ದಣಿದಿದ್ದಾಳೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಕಪ್ಪನ್ನು ನೀವು ಕಪ್ಪಿನಿಂದ ಬರೆದಿಲ್ಲ. ನೇರಳೆ, ಹಸಿರು, ಒಂದಿಷ್ಟು ಕೆಂಪು ಮಣ್ಣು ಬೆರೆಸಿ, ಎಷ್ಟು ತೆಳುವಾಗಿ, ಎಷ್ಟು ಮೆಲ್ಲಗೆ! ದೊಡ್ಡವರ ಚಿತ್ರಗಳನ್ನು ಹನ್ನೆರಡು ವರ್ಷ ಹತ್ತಿರದಿಂದ ನೋಡಿದವಳು ಹೇಳುತ್ತಿದ್ದೇನೆ. ಒಬ್ಬರ ದಣಿವನ್ನು ಇಷ್ಟು ಪ್ರೀತಿಯಿಂದ ಬರೆದದ್ದನ್ನು ನಾನು ಕಂಡದ್ದು ಕಡಿಮೆ. ಹುಬ್ಬಳ್ಳಿಯಲ್ಲಿ ಇಂಥ ಪೇಂಟರ್ ಇದ್ದನೆಂದು ನನಗೆ ಗೊತ್ತಿರಲಿಲ್ಲ. ನೀವು ಅವನನ್ನೂ ಮುಚ್ಚಿಟ್ಟಿರಿ.

ನಿರೂ


ಹ್ಯೂಸ್ಟನ್
17 ಆಗಸ್ಟ್ 2014

ಅಪ್ಪಾ,

ಮುಖವೆಲ್ಲ ಬಂದಿದೆ, ಎರಡು ತೊಡಕು ಉಳಿದಿವೆ.

ಒಂದು, ಎಣ್ಣೆಮಸಿಯ ಕೊನೆಯ ತೆಳುಪೊರೆ. ನೀರಿಗೆ ಹೋಗುತ್ತಿಲ್ಲ. ಅದಕ್ಕಿಂತ ಬಲವಾದದ್ದು ಹಚ್ಚಲು ನನಗೆ ಧೈರ್ಯವಿಲ್ಲ. ಯಾವುದಕ್ಕೆ ಹೋಗುತ್ತದೆಂದು ನಿಮಗೆ ಗೊತ್ತು. ನಿಮ್ಮ ಮಾತು ಮೀರಿಲ್ಲ.

ಇನ್ನೊಂದು, ಬಲಗೆನ್ನೆಯ ಮೇಲೆ ಮೂರು ಎಳೆಯಾಗಿ ನೀಲಿ ಬಣ್ಣವಿದೆ, ಅರ್ಧ ಅಂಗುಲದಷ್ಟು. ಮೊದಲು ಅಂಗಡಿಯಲ್ಲಿ ಯಾವುದೋ ಬೋರ್ಡಿನ ಬಣ್ಣ ಸಿಡಿದಿದೆ ಎಂದುಕೊಂಡೆ. ಚಾಕು ಹಿಡಿದು ಕೆರೆಯಲು ಕುಳಿತವಳು, ರೂಢಿಯಂತೆ ಇನ್ನೊಮ್ಮೆ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕೆನ್ನೆಯ ಬಣ್ಣವೂ ನೀಲಿಯೂ ಹಸಿಯಿದ್ದಾಗಲೇ ಬೆರೆತಿವೆ. ಸಿಡಿದದ್ದಲ್ಲ, ಬ್ರಷ್ಷಿನಿಂದ ಬರೆದದ್ದು. ಆದರೂ ನೋಡಲು ಚೆನ್ನಾಗಿಲ್ಲ, ಪೆಟ್ಟು ಬಿದ್ದ ಹಾಗೆ ಕಾಣುತ್ತದೆ. ಚಿತ್ರಕಾರ ಬದುಕಿದ್ದರೆ ಅವರನ್ನು ಕೇಳಬೇಕು ಎನ್ನುವುದು ನಮ್ಮಲ್ಲಿ ನಿಯಮ. ನನ್ನ ಪುಣ್ಯ, ಬದುಕಿದ್ದಾರೆ.

ಇದೇನು? ತೆಗೆಯಲೇ?

ನಿರೂ


ರೌಂಡ್ ರಾಕ್
25 ಆಗಸ್ಟ್ 2014

ನಿರೂ,

ಚಾಕು ಕೆಳಗಿಡು. ಈಗ ನಾನು ಹೇಳುವ ಸರದಿ.

ಆ ದಿನ ನಿಮ್ಮವ್ವ ಅಂಗಡಿಯ ಸ್ಟೂಲಿನ ಮೇಲೆ ಕುಳಿತಿದ್ದಳು, ಕೆನ್ನೆ ಬರೆಯುತ್ತಿದ್ದೆ. ನೀನು ಬೀದಿಯಲ್ಲಿ ಆಡಿಕೊಂಡು ಬಂದೆ. ಒಂದು ಖಾನಾವಳಿಯ ಬೋರ್ಡಿಗೆಂದು ನೀಲಿ ಡಬ್ಬಿ ತೆರೆದಿಟ್ಟಿದ್ದೆ, ನೀನು ಸೀದಾ ಅದರಲ್ಲಿ ಕೈ ಅದ್ದಿದೆ. ಮೂಗು, ಗದ್ದ, ಲಂಗ ಎಲ್ಲ ನೀಲಿ. ನಾನು ಗದರಿದೆ. ನೀನು ಅಳುತ್ತ ಓಡಿಹೋಗಿ ಅವ್ವನ ಕೆನ್ನೆ ಹಿಡಿದೆ. ವಿಭೂತಿ ಹಚ್ಚಿದ ಹಾಗೆ ಮೂರು ಬೆರಳು ಮೂಡಿದವು.

ಅವಳು ತನ್ನ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಸೆರಗಿನ ತುದಿ ಬಾಯಲ್ಲಿಟ್ಟು ಒದ್ದೆ ಮಾಡಿ, ನಿನ್ನ ಗದ್ದ ಹಿಡಿದು, ಮುಖ ಒರೆಸುತ್ತ ಕುಳಿತಳು. "ಎಂಜಲ ಹಚ್ಚಿ ಮಾರಿ ಒರಸ್ತೀಯಲ್ಲ, ನೀರು ತರ್ತೀನಿ ತಡಿ" ಎಂದೆ. "ತಾಯಿ ಎಂಜಲಕ್ಕ ಯಾವ ಮೈಲಿಗಿ ಅದನ್ರೀ?" ಎಂದು ನಕ್ಕಳು. ಮೂವತ್ತು ವರ್ಷವಾಗುತ್ತ ಬಂತು, ಈ ಮಾತು ನಿನ್ನ ಪತ್ರ ಓದುವವರೆಗೆ ನನಗೆ ನೆನಪಾಗಿರಲಿಲ್ಲ. ಅಂಥವಳ ಗಂಡ ನಾನು, ಎಂಜಲೆಂದು ನಿನ್ನ ಲ್ಯಾಬಿನಿಂದ ಎದ್ದುಹೋದೆ.

ನಿನ್ನ ಮುಖ ಶುದ್ಧವಾದ ಮೇಲೆ, "ನಿನ್ನ ಕೆನ್ನೀನೂ ಒರಸ್ಕೋ, ಮುಂದ ಬರೀತೀನಿ" ಎಂದೆ. ಒಪ್ಪಲಿಲ್ಲ. "ಇರ್ಲಿ ಬಿಡ್ರಿ, ಹಂಗ ಬರೀರಿ. ನಾಳೆ ದೊಡ್ಡಾಕಿ ಆಗಿ, 'ಆಗ ನಾ ಎಲ್ಲಿದ್ದೆ' ಅಂತ ಕೇಳಿದ್ರ, ತೋರಸಾಕ ಬರ್ತದ" ಎಂದಳು. ಹಾಗೇ ಬರೆದೆ.

ಮೊದಲ ಪುಣ್ಯಸ್ಮರಣೆಗೆ ಬಂದ ಪಕ್ಕದ ಮನೆಯ ಗಂಗವ್ವ ಅದನ್ನು ನೋಡಿ, "ಪಾಪ, ಹೊಡೀತಿದ್ನೇನ?" ಎಂದು ಪಿಸುಗುಟ್ಟಿದಳು. ಆಗ ನನ್ನ ಕಿವಿ ಚೆನ್ನಾಗಿತ್ತು. ಮರುದಿನವೇ ಬ್ರಷ್ ಹಿಡಿದೆ. ಕಣ್ಣಿನ ಕಪ್ಪಿನ ಜೊತೆ ನಿನ್ನ ಬೆರಳನ್ನೂ ಮುಚ್ಚಿದೆ. ಅವಳು ನಿನಗೆಂದು ಇಟ್ಟುಹೋದದ್ದು ಅದೊಂದೇ, ಅದನ್ನು ಇಪ್ಪತ್ತಾರು ಸಲ ಮುಚ್ಚಿದೆ. ತಪ್ಪಾಯಿತು, ಮಗಳೇ.

ಹತ್ತಿ ಬಾಯಲ್ಲಿಡು. ಅವಳು ನಿನ್ನ ಮುಖ ಒರೆಸಿದ ಹಾಗೆ ಈಗ ನೀನು ಅವಳ ಮುಖ ಒರೆಸು. ನೀಲಿಯನ್ನು ಮಾತ್ರ ತೆಗೆಯಬೇಡ.

ಅಪ್ಪ


ಹ್ಯೂಸ್ಟನ್
14 ಸೆಪ್ಟೆಂಬರ್ 2014

ಅಪ್ಪಾ,

ಒರೆಸಿದೆ. ಮೂರು ಭಾನುವಾರ ಹಿಡಿಯಿತು, ಬಾಯಿ ಒಣಗಿಹೋಯಿತು.

ಎಡಗಡೆಯ ಕೆಳಮೂಲೆಯಲ್ಲಿ ಒಂದು ಅಂಗುಲ ಗಿಳಿಹಸಿರು ಸೀರೆಯನ್ನು ಹಾಗೇ ಬಿಟ್ಟಿದ್ದೇನೆ, ಇಪ್ಪತ್ತಾರು ಪದರದ ಸಮೇತ. ಮೊದಲು ಹೇಗಿತ್ತೆಂದು ಮುಂದಿನವರಿಗೆ ಗೊತ್ತಾಗಲೆಂದು ಸಾಕ್ಷಿಯಾಗಿ ಒಂದು ಚೂರು ಬಿಡುವುದು ನಮ್ಮ ಪದ್ಧತಿ. ಇಪ್ಪತ್ತಾರು ವರ್ಷ ಯಾರೋ ಇವಳನ್ನು ಮರೆಯಲಿಲ್ಲ ಎನ್ನುವುದಕ್ಕೂ ಅದೇ ಸಾಕ್ಷಿ.

ಗದ್ದದ ಬಳಿ ಸಾಸಿವೆಯಷ್ಟು ಮೂಲ ಬಣ್ಣ ಹೋಗಿದೆ. ನಾನು ತುಂಬುವುದಿಲ್ಲ, ನೀವು ಬಂದು ತುಂಬಿ. ಬೇಕಾದಾಗ ತೆಗೆಯಬಹುದಾದ ಬಣ್ಣ ಕೊಡುತ್ತೇನೆ, ವಾಸನೆಯೂ ಇದೆ. ಬ್ರಷ್ ಹುಬ್ಬಿನ ಕಡೆ ಹೊರಟರೆ ಕೈ ಹಿಡಿಯುತ್ತೇನೆ.

ಪ್ರತಿ ಚಿತ್ರಕ್ಕೂ ನಾವೊಂದು ವರದಿ ಬರೆಯಬೇಕು. ಅವ್ವನದನ್ನು ಕನ್ನಡದಲ್ಲಿ ಬರೆದೆ. ಕೊನೆಯ ಸಾಲನ್ನು ನಿಮಗಾಗಿ ಇಲ್ಲಿ ನಕಲು ಮಾಡುತ್ತಿದ್ದೇನೆ:

"ಬಲಗೆನ್ನೆ: ನೀಲಿ ಗುರುತು, ಮೂರು ಎಳೆ. ಕಲೆಯಲ್ಲ, ಮೂಲ ಚಿತ್ರದ ಭಾಗ. ಬರೆದವರು ಸಿದ್ರಾಮಪ್ಪ. ಬೆರಳು ನಿರುಪಮಾಳದು, ವಯಸ್ಸು ಆರು. ಚಿತ್ರದಲ್ಲಿರುವ ಶಿವಬಸವ್ವ ಅವರ ಇಚ್ಛೆಯಂತೆ ಉಳಿಸಲಾಗಿದೆ. ಮುಂದೆಯೂ ಯಾರೂ ತೆಗೆಯಬಾರದು."

ನಿಮ್ಮ ಮಗಳು
ನಿರೂ